ಪ್ರೈಮರಿ ಮೋಸವೆಂದು ಪಕ್ಷದ ಚೌಕವನ್ನು ಖಾಲಿ ಬಿಡಬೇಡಿ

ನ್ಯೂಯಾರ್ಕಿನಲ್ಲಿ ಹೊಸದಾಗಿ ಪೌರತ್ವ ಪಡೆದಿದ್ದೀರಿ. ಅಧ್ಯಕ್ಷೀಯ ಪ್ರೈಮರಿಯ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆಯ, ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆಯಂತೆ, ಹಾಗಿದ್ದರೆ ನೋಂದಣಿಯಲ್ಲಿ ಯಾವ ಪಕ್ಷಕ್ಕೂ ಸೇರದೆ ಉಳಿಯುವುದೇ ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಅದನ್ನೇ ಮಾಡಿ 2016ರಲ್ಲಿ ನಾನು ಮತ ಕಳೆದುಕೊಂಡೆ.

ಪ್ರಮಾಣವಚನ ಮುಗಿಸಿ ಹೊರಬಂದಾಗ ಸ್ವಯಂಸೇವಕರು ಮತದಾರರ ನೋಂದಣಿ ಅರ್ಜಿ ಕೊಟ್ಟಿದ್ದರು. ಅದರಲ್ಲಿ ಪಕ್ಷಗಳ ಪಟ್ಟಿ, ಜೊತೆಗೆ ಯಾವ ಪಕ್ಷಕ್ಕೂ ಸೇರಲು ಇಚ್ಛೆಯಿಲ್ಲ ಎಂಬ ಚೌಕ. ನಾನು ಅದಕ್ಕೇ ಗುರುತು ಹಾಕಿದೆ. ಹಾಸನದ ನಮ್ಮ ಮನೆಯಲ್ಲಿ ಅಪ್ಪ ಯಾರಿಗೆ ಮತ ಹಾಕಿದರೆಂದು ಅಮ್ಮನಿಗೂ ಹೇಳುತ್ತಿರಲಿಲ್ಲ. ಪಕ್ಷದ ಸದಸ್ಯತ್ವವೆಂದರೆ ಹಣ ಕಟ್ಟಿ, ರಸೀದಿ ಪಡೆದು, ಬಾವುಟ ಹಿಡಿಯುವವರ ಕೆಲಸ. ಅಭ್ಯರ್ಥಿ ಯಾರೆಂದು ಹೈಕಮಾಂಡ್ ತೀರ್ಮಾನಿಸಿ ಬಿ ಫಾರಂ ಕೊಡುತ್ತದೆ, ಮತದಾರನನ್ನು ಯಾರೂ ಕೇಳುವುದಿಲ್ಲ. ಹಾಗೆ ಬೆಳೆದ ನನಗೆ ಸರ್ಕಾರಿ ಅರ್ಜಿಯೊಂದು ನಿನ್ನ ಪಕ್ಷ ಯಾವುದೆಂದು ಕೇಳಿದ್ದೇ ಸರಿ ಕಾಣಲಿಲ್ಲ. ಇಲ್ಲಿ ಪಕ್ಷದ ಚೌಕಕ್ಕೆ ಗುರುತು ಹಾಕಲು ಶುಲ್ಕವಿಲ್ಲ, ಯಾವ ಕಟ್ಟುಪಾಡೂ ಇಲ್ಲ, ನವೆಂಬರ್ ಚುನಾವಣೆಯಲ್ಲಿ ಯಾರಿಗೆ ಬೇಕಾದರೂ ಮತ ಹಾಕಬಹುದು. ಆದರೆ ಅಭ್ಯರ್ಥಿಯನ್ನು ಆರಿಸುವ ಹಕ್ಕು ಸಿಗುವುದು ಆ ಚೌಕದಿಂದ ಮಾತ್ರ. ಇದನ್ನು ನಾನು ಯಾರನ್ನೂ ಕೇಳಿ ತಿಳಿದುಕೊಳ್ಳಲಿಲ್ಲ.

ಮಗಳು ಕಾಲೇಜು ಸೇರುವ ಹೊತ್ತು. ಕಾಲೇಜು ಶುಲ್ಕದ ಬಗ್ಗೆ, ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಿಲರಿ ಕ್ಲಿಂಟನ್ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಆಡುತ್ತಿದ್ದ ಮಾತು ನನಗೆ ನಾಟಿತು. ನ್ಯೂಯಾರ್ಕ್ ಪ್ರೈಮರಿ ಇದ್ದದ್ದು 2016ರ ಏಪ್ರಿಲ್ 19ರಂದು. ಆಗಲೇ ನೋಂದಾಯಿಸಿಕೊಂಡಿದ್ದವರು ಪಕ್ಷ ಬದಲಿಸಲು ಕೊನೆಯ ದಿನ 2015ರ ಅಕ್ಟೋಬರ್ 9! ಡೆಮಾಕ್ರಟಿಕ್ ಅಭ್ಯರ್ಥಿಗಳ ಮೊದಲ ಚರ್ಚೆ ಲಾಸ್ ವೇಗಸ್‌ನಲ್ಲಿ ನಡೆದದ್ದು ಅಕ್ಟೋಬರ್ 13ರಂದು. ಅವರ ವಾದ ಕೇಳುವ ಮೊದಲೇ ನಾವು ಪಕ್ಷ ಆರಿಸಿಕೊಂಡಿರಬೇಕಿತ್ತು. ಹೊಸದಾಗಿ ನೋಂದಾಯಿಸುವವರಿಗೆ ಮಾತ್ರ ಮಾರ್ಚ್ 25ರವರೆಗೆ ಅವಕಾಶವಿತ್ತು. ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಕೂಡ ಈ ಗಡುವಿಗೆ ಸಿಕ್ಕಿ ರಿಪಬ್ಲಿಕನ್ ಪ್ರೈಮರಿಯಲ್ಲಿ ತಂದೆಗೆ ಮತ ಹಾಕಲಾಗಲಿಲ್ಲ.

ಮತಗಟ್ಟೆಯಲ್ಲಿ ವಯಸ್ಸಾದ ಮಹಿಳೆಯೊಬ್ಬರು ನನ್ನ ಹೆಸರಿಗಾಗಿ ಪಟ್ಟಿಯ ಸಾಲುಗಳ ಮೇಲೆ ಬೆರಳಾಡಿಸಿದರು, ಹಾಳೆ ತಿರುವಿ ಮತ್ತೆ ಹುಡುಕಿದರು. ಸಿಗಲಿಲ್ಲ. ಕೊನೆಗೆ ಅಫಿಡವಿಟ್ ಮತಪತ್ರ ಕೊಟ್ಟರು, ಪಟ್ಟಿಯಲ್ಲಿ ಹೆಸರು ಸಿಗದವರಿಗೆ ಕೊಡುವ, ಅರ್ಹತೆ ಪರಿಶೀಲಿಸಿದ ಮೇಲಷ್ಟೇ ಎಣಿಸುವ ಮತಪತ್ರ ಅದು. ಅದನ್ನು ತುಂಬಿ, ಲಕೋಟೆಯ ಮೇಲೆ ವಿಳಾಸ ಬರೆದು ಸಹಿ ಮಾಡಿದೆ. ಪಕ್ಷದಲ್ಲಿ ನೋಂದಣಿ ಇಲ್ಲದ ಕಾರಣ ಅದನ್ನು ಎಣಿಸಿಲ್ಲವೆಂದು ಆಮೇಲೆ ಕಾಗದ ಬಂತು. ಹಡ್ಸನ್ ನದಿಯಾಚೆ ಎಡಿಸನ್‌ನಲ್ಲಿದ್ದ ಗೆಳೆಯನೂ ನನ್ನ ಹಾಗೆ ಪಕ್ಷ ಬರೆಯದವನೇ. ನ್ಯೂಜೆರ್ಸಿಯಲ್ಲಿ ಅಂಥವರು ಮತದಾನದ ದಿನವೇ ಪಕ್ಷ ಹೇಳಿ ಮತ ಹಾಕಬಹುದು. ಅವನು ಜೂನ್‌ನಲ್ಲಿ ಹಾಕಿ ಬಂದ.

ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನ್ಯೂಯಾರ್ಕಿನಲ್ಲಿ ಹಿಲರಿ ಕ್ಲಿಂಟನ್ ಸುಮಾರು ಶೇ. 58 ಮತ ಪಡೆದು ಗೆದ್ದರು. ನನ್ನಂಥವರ ಮತ ಸೇರಿದ್ದರೆ ಅದು ತಿರುಗುತ್ತಿತ್ತೆಂದು ನಾನು ಹೇಳಲಾರೆ. ಜನ ದೂರುತ್ತಿದ್ದ ಸೂಪರ್ ಡೆಲಿಗೇಟ್‌ಗಳ, ಅಂದರೆ ಪ್ರೈಮರಿ ಫಲಿತಾಂಶಕ್ಕೆ ಬದ್ಧರಾಗದೆ ಮತ ಹಾಕುವ ಪಕ್ಷದ ಮುಖಂಡರ, ಬಲವನ್ನೂ ಡೆಮಾಕ್ರಟಿಕ್ ಪಕ್ಷ 2018ರಲ್ಲಿ ಕುಗ್ಗಿಸಿತು. ಪೈಪೋಟಿ ಇನ್ನೂ ಮುಗಿದಿರದಿದ್ದರೆ, ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ಸಮಾವೇಶದ ಮೊದಲ ಸುತ್ತಿನಲ್ಲಿ ಅವರೀಗ ಮತ ಹಾಕುವಂತಿಲ್ಲ. ಅನ್ಯಾಯ ನಡೆಯುವುದು ಎಣಿಕೆಯಲ್ಲಲ್ಲ, ಅದಕ್ಕೂ ಎಷ್ಟೋ ಮೊದಲು, ಪಟ್ಟಿಯಲ್ಲಿ ಮತ್ತು ಗಡುವಿನಲ್ಲಿ. 2016ರ ಆ ಪ್ರೈಮರಿಗೆ ಮುನ್ನ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ಮತದಾರರ ಪಟ್ಟಿಯಿಂದ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳು ಮಾಯವಾಗಿದ್ದವು. ನ್ಯೂಯಾರ್ಕಿನ ದೀರ್ಘ ಗಡುವನ್ನು ಸುಪ್ರೀಂ ಕೋರ್ಟೇ 1973ರಲ್ಲಿ 5–4ರ ಬಹುಮತದಿಂದ ಎತ್ತಿಹಿಡಿದಿತ್ತು. ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು ಎಂಬುದು ನನ್ನ ಸಿಟ್ಟನ್ನು ಕಡಿಮೆ ಮಾಡಿಲ್ಲ.

2019ರಲ್ಲಿ ಕಾನೂನು ಬದಲಾಗಿ, ಪ್ರೈಮರಿ ನಡೆಯುವ ವರ್ಷದ ಫೆಬ್ರವರಿ 14ರವರೆಗೆ ಪಕ್ಷ ಬದಲಿಸಲು ಅವಕಾಶ ಬಂದಿದೆ. ಅಷ್ಟರವರೆಗೂ ಕಾಯಬೇಡಿ, ಈಗಲೇ ಒಂದು ಪಕ್ಷ ಬರೆಯಿರಿ. ನೀವು ನ್ಯೂಯಾರ್ಕ್ ನಗರದೊಳಗಿದ್ದರೆ ನನ್ನ ಸಲಹೆ ಡೆಮಾಕ್ರಟಿಕ್. ಅಧ್ಯಕ್ಷರ ಆಯ್ಕೆ ಬದಿಗಿರಲಿ, ಇಲ್ಲಿನ ನಗರಸಭೆಯ ಬಹುತೇಕ ಸ್ಥಾನಗಳಲ್ಲಿ ಜೂನ್‌ನ ಡೆಮಾಕ್ರಟಿಕ್ ಪ್ರೈಮರಿ ಗೆದ್ದವರೇ ನವೆಂಬರ್‌ನಲ್ಲೂ ಗೆಲ್ಲುತ್ತಾರೆ, ಅದರಲ್ಲಿ ಮತ ಹಾಕಲೂ ಇದೇ ನೋಂದಣಿ ಬೇಕು.