ಬಿಟ್ಟೂ ಬಿಡದ ಗುರಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೀಗ 37 ವರ್ಷ. ಪಿಎಚ್‌ಡಿ ಸಂಶೋಧನೆಯ ನಾಲ್ಕನೆಯ ವರ್ಷದಲ್ಲಿದ್ದಾಗ ತಂದೆಗೆ ಪಾರ್ಶ್ವವಾಯು ಬಡಿಯಿತು. ಆರು ತಿಂಗಳ ಮಟ್ಟಿಗೆ ಎಂದುಕೊಂಡು ಮನೆಗೆ ಮರಳಿದವಳಿಗೆ ಐದು ವರ್ಷ ಕಳೆದದ್ದೇ ತಿಳಿಯಲಿಲ್ಲ. ತಂದೆ ಈಗ ಸುಧಾರಿಸಿಕೊಂಡಿದ್ದಾರೆ. ನಾನು ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತಿದ್ದೇನೆ. ಆಗಾಗ ರಾತ್ರಿ ಮಹಾಪ್ರಬಂಧದ ಮೂರನೆಯ ಅಧ್ಯಾಯವನ್ನು ಕಂಪ್ಯೂಟರಿನಲ್ಲಿ ತೆರೆದು, ಒಂದೆರಡು ಪದ ತಿದ್ದಿ, ಮುಚ್ಚಿಬಿಡುತ್ತೇನೆ. ಮುಂದುವರಿಸಲು ಆಗುತ್ತಿಲ್ಲ, ಬಿಟ್ಟೆ ಎನ್ನಲು ಬಾಯಿ ಬರುತ್ತಿಲ್ಲ. ಹೊಸದೇನನ್ನಾದರೂ ಹಿಡಿಯೋಣವೆಂದರೆ ದ್ರೋಹ ಬಗೆದಂತೆ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ಮೂರನೆಯ ಅಧ್ಯಾಯದಲ್ಲಿ ನೀವು ತಿದ್ದುವ ಆ ಒಂದೆರಡು ಪದಗಳಲ್ಲೇ ನಿಮ್ಮ ಸಮಸ್ಯೆಯ ತಿರುಳು ಇದೆಯೆಂದು ನನಗೆ ತೋರುತ್ತದೆ. ಕೈಗೂಡದ ಗುರಿಗಳನ್ನು ಜನ ಹೇಗೆ ಬಿಡುತ್ತಾರೆಂಬುದನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಕಾರ್ಸ್ಟನ್ ವ್ರೋಶ್ ಮತ್ತು ಅವರ ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಬರಹದಲ್ಲಿ, ಗುರಿಯೊಂದರಿಂದ ಹಿಂದೆ ಸರಿಯುವುದರಲ್ಲಿ ಎರಡು ಕೆಲಸಗಳಿವೆ ಎನ್ನುತ್ತಾರೆ: ಶ್ರಮವನ್ನು ಹಿಂತೆಗೆದುಕೊಳ್ಳುವುದು ಒಂದು, ಮನಸ್ಸಿನ ಬದ್ಧತೆಯನ್ನು ಹಿಂತೆಗೆದುಕೊಳ್ಳುವುದು ಇನ್ನೊಂದು. ನೀವು ಮೊದಲನೆಯದನ್ನು ಐದು ವರ್ಷಗಳ ಹಿಂದೆಯೇ ಮಾಡಿದ್ದೀರಿ, ಎರಡನೆಯದನ್ನು ಇನ್ನೂ ಮಾಡಿಲ್ಲ. ಹೀಗಾಗಿ ಗುರಿಯ ಭಾರವಷ್ಟೂ ನಿಮ್ಮ ಹೆಗಲ ಮೇಲೆಯೇ ಉಳಿದಿದೆ, ಅದರಿಂದ ಬರಬೇಕಾದ ಫಲ ಮಾತ್ರ ಬರುತ್ತಿಲ್ಲ. ಸಂಶೋಧನೆಯನ್ನು ಪೂರ್ತಿ ಮಾಡುವುದಾಗಲಿ ಪೂರ್ತಿ ಬಿಡುವುದಾಗಲಿ ಈಗಿನ ಸ್ಥಿತಿಗಿಂತ ಹಗುರವೆಂದೇ ನಾನು ಭಾವಿಸುತ್ತೇನೆ.

ಯಾವುದೆಂದು ನಿರ್ಧರಿಸುವ ಮೊದಲು ಒಂದು ಸರಳ ಸಂಗತಿಯನ್ನು ತಿಳಿದುಕೊಳ್ಳಿ. ನಿಮ್ಮ ನೋಂದಣಿ ಇನ್ನೂ ಊರ್ಜಿತದಲ್ಲಿದೆಯೇ, ಇಲ್ಲವಾದರೆ ಮರುನೋಂದಣಿಗೆ ಅವಕಾಶವಿದೆಯೇ, ಹಳೆಯ ಮಾರ್ಗದರ್ಶಕರು ಈಗಲೂ ಒಪ್ಪುತ್ತಾರೆಯೇ ಎಂದು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಕೇಳಿ. ಇದನ್ನು ನೀವು ಈವರೆಗೆ ವಿಚಾರಿಸಿದಂತೆ ನಮಗೆ ಬರೆದ ಪತ್ರದಲ್ಲಿ ಎಲ್ಲಿಯೂ ಇಲ್ಲ. ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ನೋಡದೆ ಅದರ ಮುಂದೆ ವರ್ಷಗಟ್ಟಲೆ ನಿಲ್ಲುವವರು ಅನೇಕರಿದ್ದಾರೆ; ಉತ್ತರ ಬಂದುಬಿಟ್ಟರೆ ಆಸೆಯೂ ಹೋದೀತೆಂಬ ಅಳುಕು ಅದಕ್ಕೆ ಕಾರಣವಿರಬಹುದು.

ಬಾಗಿಲು ತೆರೆದಿದ್ದರೆ, ಆಗ ಹಾಕಿದ ನಾಲ್ಕು ವರ್ಷಗಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಯೋಚಿಸಿ. ಇದು ಕಠಿಣ ಎಂಬುದನ್ನು ಬಲ್ಲೆ. ಸಂಶೋಧಕರಾದ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಾಟಕಗಳ ಇಡೀ ಋತುವಿನ ಟಿಕೆಟನ್ನು ಪೂರ್ಣ ಬೆಲೆಗೆ ಕೊಂಡವರು, ಅದೇ ಟಿಕೆಟನ್ನು ರಿಯಾಯಿತಿಯಲ್ಲಿ ಪಡೆದವರಿಗಿಂತ ಋತುವಿನ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋದರು. ಯಾರಿಗೆ ಎಷ್ಟು ರಿಯಾಯಿತಿ ಎಂಬುದು ಆಕಸ್ಮಿಕವಾಗಿ ನಿರ್ಧಾರವಾಗಿದ್ದರಿಂದ ಅಭಿರುಚಿಯಲ್ಲಿ ಅವರ ನಡುವೆ ಹೆಚ್ಚುಕಡಿಮೆ ಇರಬೇಕಾದ ಕಾರಣವಿರಲಿಲ್ಲ. ಕೊಟ್ಟ ಹಣವೇ ಕಾಲನ್ನು ಎಳೆಯುತ್ತಿತ್ತು. ನೀವು ಕೊಟ್ಟಿರುವುದು ಯೌವನದ ನಾಲ್ಕು ವರ್ಷ, ಆ ಎಳೆತ ಇನ್ನೂ ಬಲವಾಗಿರುವುದು ಸಹಜ. ಆದ್ದರಿಂದ ಪ್ರಶ್ನೆಯನ್ನು ಹೀಗೆ ಕೇಳಿಕೊಳ್ಳಿ: ಈ ವಿಷಯವನ್ನು ಇಂದೇ ಮೊದಲ ಸಲ ಯಾರಾದರೂ ಎದುರಿಗಿಟ್ಟರೆ, ನನಗೆ ಈಗ ಇರುವ ಬಿಡುವಿನಲ್ಲಿ, ಈಗ ಇರುವ ಜವಾಬ್ದಾರಿಗಳ ನಡುವೆ ಒಪ್ಪಿಕೊಳ್ಳುತ್ತಿದ್ದೆನೇ?

ಒಪ್ಪುತ್ತಿದ್ದೆ ಎಂಬ ಉತ್ತರ ಬಂದರೆ ಅದನ್ನು ಎಂಟು ವಾರ ಪರೀಕ್ಷೆಗೆ ಒಡ್ಡಿ. ‘ಬಿಡುವಾದಾಗ ಬರೆಯುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಶನಿವಾರ ಬೆಳಿಗ್ಗೆ ತಂದೆಯ ವ್ಯಾಯಾಮ ಮುಗಿದ ಕೂಡಲೇ ಎರಡು ಗಂಟೆ ಬರೆಯುತ್ತೇನೆ’ ಎಂಬಂತೆ ಸಂದರ್ಭವನ್ನೂ ಕ್ರಿಯೆಯನ್ನೂ ಜೋಡಿಸಿದ ಸಂಕಲ್ಪ ಹೆಚ್ಚು ಈಡೇರುತ್ತದೆಂಬುದನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆ ತೋರಿಸಿದೆ. ಎಂಟು ವಾರಗಳಲ್ಲಿ ಹೆಚ್ಚಿನ ಶನಿವಾರಗಳು ತಪ್ಪಿಹೋದರೆ, ನಿಮ್ಮ ಬದುಕು ಉತ್ತರ ಕೊಟ್ಟಿದೆಯೆಂದು ತಿಳಿದು, ಸಂಶೋಧನೆಯನ್ನು ಕೈಬಿಡುತ್ತಿರುವುದಾಗಿ ವಿಶ್ವವಿದ್ಯಾಲಯಕ್ಕೆ ಲಿಖಿತವಾಗಿ ತಿಳಿಸಿ. ಕಾಗದದಲ್ಲಿ ಬರೆದು ಕಳುಹಿಸಿದ ಮೇಲೆ ಮನಸ್ಸಿಗೂ ಅದು ಖಚಿತವಾಗುತ್ತದೆ.

ಬಿಟ್ಟ ನಂತರ ಕೆಲಕಾಲ ಇನ್ನಷ್ಟು ಕಷ್ಟವಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮನೋವಿಜ್ಞಾನಿ ಎರಿಕ್ ಕ್ಲಿಂಗರ್ 1975ರಲ್ಲಿ ವಿವರಿಸಿದಂತೆ, ಗುರಿ ಕೈತಪ್ಪುತ್ತಿರುವಾಗ ಮನುಷ್ಯ ಮೊದಲು ಇನ್ನೂ ಬಿರುಸಾಗಿ ಪ್ರಯತ್ನಿಸುತ್ತಾನೆ, ಬಳಿಕ ಸಿಟ್ಟಾಗುತ್ತಾನೆ, ಆಮೇಲೆ ಕುಸಿಯುತ್ತಾನೆ, ಕ್ರಮೇಣ ಚೇತರಿಸಿಕೊಳ್ಳುತ್ತಾನೆ. ಕುಸಿದ ದಿನಗಳಲ್ಲಿ ‘ಬಿಟ್ಟದ್ದು ತಪ್ಪಾಯಿತು’ ಎಂಬ ಯೋಚನೆ ಬಂದೇ ಬರುತ್ತದೆ; ಆ ದಿನಗಳಲ್ಲಿ ಹಳೆಯ ತೀರ್ಮಾನವನ್ನು ಬದಲಿಸಬೇಡಿ, ಹೊಸ ದೊಡ್ಡ ತೀರ್ಮಾನವನ್ನೂ ಮಾಡಬೇಡಿ. ಆದರೆ ಎರಡು ವಾರ ಕಳೆದರೂ ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿ ಮರಳದಿದ್ದರೆ ವೈದ್ಯರನ್ನು ಕಾಣಲು ತಡಮಾಡಬಾರದು.

ದ್ರೋಹದ ಮಾತಿಗೆ ಬರೋಣ. ಆ ಪದವಿಯಲ್ಲಿ ನಿಮಗೆ ಬೇಕಾಗಿದ್ದದ್ದು ಏನು ಎಂದು ಬಿಡಿಸಿ ಬರೆಯಿರಿ. ವಿಷಯದ ಮೇಲಿನ ಪ್ರೀತಿಯೇ, ಪಾಠ ಹೇಳುವ ಆಸೆಯೇ, ಹೆಸರಿನ ಹಿಂದೆ ಬರುವ ಗೌರವವೇ, ತಂದೆಯ ಹೆಮ್ಮೆಯೇ? ಇವುಗಳಲ್ಲಿ ಕೆಲವನ್ನು ಪದವಿಯಿಲ್ಲದೆಯೂ ಪಡೆಯಬಹುದು. ಆ ಮೂರನೆಯ ಅಧ್ಯಾಯವೇ ಒಂದು ಒಳ್ಳೆಯ ಲೇಖನವಾಗಬಲ್ಲದೇ ನೋಡಿ. ಗೌರವವೊಂದೇ ಕಾರಣವಾಗಿದ್ದರೆ ಅದನ್ನೂ ಅಂಜದೆ ಬರೆದುಕೊಳ್ಳಿ, ಆ ಹಾಳೆಯನ್ನು ಬೇರೆ ಯಾರೂ ನೋಡುವುದಿಲ್ಲ. ಹಳೆಯದನ್ನು ಬಿಡುವ ಶಕ್ತಿಯ ಜೊತೆಗೆ ಹೊಸದರಲ್ಲಿ ತೊಡಗುವ ಶಕ್ತಿಯೂ ಮನಸ್ಸಿನ ನೆಮ್ಮದಿಗೆ ಮುಖ್ಯವೆಂದು ವ್ರೋಶ್ ಅವರ ತಂಡ ಕಂಡುಕೊಂಡಿತ್ತು. ಹಾಗಾಗಿ ಹೊಸದನ್ನು ಹಿಡಿಯುವುದು ಯಾರಿಗೂ ಬಗೆದ ದ್ರೋಹವಲ್ಲ.

ಪ್ರಶ್ನೆ: ನನ್ನ ಉದ್ದಿಮೆ ಮುಚ್ಚಿಹೋಯಿತು. ವಯಸ್ಸು 52. ಹೊಸ ವರ್ಷದ ಮೊದಲ ದಿನ ಹೊಸದೊಂದನ್ನು ಆರಂಭಿಸು ಎಂದು ಮಗ ಒತ್ತಾಯಿಸುತ್ತಾನೆ. ಈ ವಯಸ್ಸಿನಲ್ಲಿ ಇದು ಹುಚ್ಚುತನವಲ್ಲವೇ?

ಉತ್ತರ: ವಯಸ್ಸಿನ ಚಿಂತೆಯನ್ನು ಬದಿಗಿಡಿ. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಹೊಸ ಉದ್ದಿಮೆಗಳ ಸ್ಥಾಪಕರ ಸರಾಸರಿ ವಯಸ್ಸು, ಆರಂಭಿಸುವಾಗ, 45 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಅದೇ ಕ್ಷೇತ್ರದಲ್ಲಿ ಮೊದಲು ದುಡಿದ ಅನುಭವ ಇದ್ದವರು ಗೆಲ್ಲುವ ಸಾಧ್ಯತೆ ಹೆಚ್ಚೆಂಬುದೂ ಅದರಲ್ಲಿತ್ತು. ಆದ್ದರಿಂದ ನಿಮಗೆ ಗೊತ್ತಿರುವ ಕಸುಬಿನ ಸುತ್ತಮುತ್ತಲೇ ಹುಡುಕಿ. ದಿನಾಂಕದ ವಿಷಯದಲ್ಲಿ ಮಗನ ಮಾತಿನಲ್ಲಿ ಸತ್ಯವಿದೆ. ವಾರ, ತಿಂಗಳು, ವರ್ಷದ ಮೊದಲಲ್ಲಿ ಜನರಲ್ಲಿ ಹೊಸ ಪ್ರಯತ್ನದ ಹುರುಪು ಏರುವುದು ದಾಖಲಾಗಿದೆ. ಹುರುಪು ಬಹುಬೇಗ ಇಳಿಯುವುದನ್ನೂ ನಾವೆಲ್ಲ ಕಂಡಿದ್ದೇವೆ. ಹಿಂದಿನ ಉದ್ದಿಮೆ ಏಕೆ ಮುಚ್ಚಿತೆಂಬುದನ್ನು ಒಂದು ಪುಟದಲ್ಲಿ ಬರೆದು, ಆ ವ್ಯವಹಾರ ಬಲ್ಲ ಒಬ್ಬರು ಅದನ್ನು ಓದಿ ಒಪ್ಪುವವರೆಗೆ, ಹೊಸ ವರ್ಷವೇ ಬಂದರೂ ಬಂಡವಾಳ ಹಾಕಬೇಡಿ.

ಪ್ರಶ್ನೆ: ಭೇಟಿಯಾದವರೆಲ್ಲ ‘ನಿನ್ನ ಹಳೆಯ ಯೋಜನೆ ಏನಾಯಿತು?’ ಎನ್ನುತ್ತಾರೆ. ಏನು ಹೇಳಲಿ?

ಉತ್ತರ: ‘ಅದನ್ನು ನಿಲ್ಲಿಸಿದೆ, ಈಗ ಇದನ್ನು ಮಾಡುತ್ತಿದ್ದೇನೆ’ ಎಂದಷ್ಟೇ ಹೇಳಿ ಅವರ ಯೋಗಕ್ಷೇಮ ವಿಚಾರಿಸಿ. ಕಾರಣಗಳನ್ನು ವಿವರಿಸಲು ಹೊರಟರೆ ಪ್ರತಿ ಕಾರಣಕ್ಕೂ ಒಂದು ಪುಕ್ಕಟೆ ಸಲಹೆ ಬರುತ್ತದೆ.