ಸಂಗೀತ ಪತ್ರಿಕೆಯ ಮುಖಪುಟಕ್ಕೆ ಯಾವ ಫಾಂಟ್, ಯಾವ ಬಣ್ಣ? ಮೊದಲು ಒತ್ತಕ್ಷರ ನೋಡಿ

ಕಪ್ಪು ಹಿನ್ನೆಲೆ, ಚಿನ್ನದ ಬಣ್ಣ, ವೀಣೆಯ ತಂತಿಯ ಹಾಗೆ ಬಳುಕುವ ತೆಳು ಅಕ್ಷರ. ಕೆಳಗೆ ಸಣ್ಣದಾಗಿ ‘ಶಾಸ್ತ್ರೀಯ ಸಂಗೀತ ವಿಶೇಷಾಂಕ’ ಅಂತ ಒಂದು ಸಾಲು. ಕಾಲೇಜಿನ ಪತ್ರಿಕೆಗೆ ಇದು ಹೊಂದುತ್ತಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನಗೆ 2010ರ ಡಿಸೆಂಬರ್ ನೆನಪಾಯಿತು. ಹೆಚ್ಚುಕಡಿಮೆ ಇದೇ ಮುಖಪುಟವನ್ನು ನಾನು ಮಾಡಿದ್ದೆ.

ಆಗ ಧಾರವಾಡದಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಊರಿನ ಕೆಲವು ಸಂಗೀತಪ್ರಿಯರು ಸೇರಿ ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ಪತ್ರಿಕೆ ತರುತ್ತಿದ್ದರು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ್ದು 1910ರ ಡಿಸೆಂಬರ್ 31ರಂದು, ಧಾರವಾಡದ ಪಕ್ಕದ ಮನ್ಸೂರಿನಲ್ಲಿ. ಹಾಗಾಗಿ ಆ ಸಲದ್ದು ಶತಮಾನೋತ್ಸವದ ಸಂಚಿಕೆ. ಮುಖಪುಟದ ಕೆಲಸ ನನ್ನ ಪಾಲಿಗೆ ಬಂತು. ರೇಡಿಯೊದಲ್ಲಿ ಅವರ ವಚನ ಬಂದರೆ ನಮ್ಮಪ್ಪ ಮನೆಯಲ್ಲಿ ಯಾರಿಗೂ ಮಾತಾಡಲು ಬಿಡುತ್ತಿರಲಿಲ್ಲ. ಅಂಥವರ ಸಂಚಿಕೆ. ನಾಲ್ಕು ರಾತ್ರಿ ಕೂತು ಮಾಡಿದೆ.

ಅವರು ಹಾಡುತ್ತಾ ಕೈ ಎತ್ತಿದ ಒಂದು ಕಪ್ಪುಬಿಳುಪು ಫೋಟೋ ಸಿಕ್ಕಿತ್ತು. ಅದರ ಸುತ್ತ ಕಡು ಮರೂನ್ ಬಣ್ಣ ತುಂಬಿದೆ. ಪತ್ರಿಕೆಯ ಹೆಸರು ಮೇಲೆ ದಪ್ಪಗೆ ಇತ್ತು, ಅದಕ್ಕೇನೂ ಆಗಲಿಲ್ಲ. ಕೆಳಗೆ ‘ಮಲ್ಲಿಕಾರ್ಜುನ ಮನ್ಸೂರ್ ಜನ್ಮಶತಮಾನೋತ್ಸವ ಸಂಚಿಕೆ’ ಅಂತ ಬಿಳಿ ಅಕ್ಷರದಲ್ಲಿ ಹಾಕಿದೆ. 10 ಪಾಯಿಂಟ್, ಇದ್ದುದರಲ್ಲೇ ತೆಳುವಾದ ಫಾಂಟ್. ಇಂಗ್ಲಿಷ್ ಪತ್ರಿಕೆಗಳಲ್ಲಿ ಹೀಗೆ ಸಣ್ಣ, ತೆಳು ಅಕ್ಷರ ನೋಡಿ ಆಸೆಪಟ್ಟಿದ್ದೆ. ಕೋರೆಲ್‌ಡ್ರಾದಲ್ಲಿ ದೊಡ್ಡದು ಮಾಡಿ ನೋಡಿದರೆ ಗೆರೆಗಳು ಕೂದಲು ಎಳೆದ ಹಾಗೆ ಕಾಣುತ್ತಿದ್ದವು. ಬಹಳ ಚೆಂದ ಇತ್ತು, ಸ್ಕ್ರೀನಿನ ಮೇಲೆ.

ಪ್ರೆಸ್ಸಿನ ಹಳೆಯ ಮಷಿನ್‌ಮ್ಯಾನ್ ಒಬ್ಬರು ಪ್ಲೇಟ್ ನೋಡಿ ಹೇಳಿದರು, “ಸರ, ಈ ಬಿಳೀ ಅಕ್ಷರ ನಿಲ್ಲಂಗಿಲ್ರಿ. ತುಂಬಿ ಹೋಗ್ತಾವು.” ನಾನು ಕೇಳಲಿಲ್ಲ. ಏನೂ ಆಗಲ್ಲ, ಹೊಡೀರಿ ಅಂದೆ.

ಅವರು ಹೇಳಿದ್ದರ ಅರ್ಥ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಮುಖಪುಟದಲ್ಲೂ ಇದೇ ಕಾದಿದೆ. ಆಫ್‌ಸೆಟ್‌ನಲ್ಲಿ ಒಂದೊಂದು ಬಣ್ಣದ ಇಂಕಿಗೂ ಒಂದೊಂದು ಪ್ಲೇಟ್ ಇರುತ್ತೆ, ಆದರೆ ಬಿಳಿ ಅನ್ನೋ ಇಂಕಿಲ್ಲ. ಬಿಳಿ ಅಂದ್ರೆ ಇಂಕು ಬೀಳದೆ ಉಳಿದ ಕಾಗದ. ನನ್ನ ಮರೂನ್ ಆಗಿದ್ದು ಸಯಾನ್, ಮಜೆಂಟಾ, ಹಳದಿ, ಕಪ್ಪು ನಾಲ್ಕೂ ಸೇರಿ. ಅಂದ್ರೆ ಆ ಬಿಳಿ ಅಕ್ಷರ ನಾಲ್ಕು ಪ್ಲೇಟುಗಳಲ್ಲೂ ಖಾಲಿ ಇರಬೇಕು, ನಾಲ್ಕೂ ಖಾಲಿಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅಲ್ಲಿದ್ದದ್ದು ಎರಡು ಬಣ್ಣದ ಮಷಿನ್. ಮೊದಲ ಸುತ್ತಿನಲ್ಲಿ ಎರಡು ಬಣ್ಣ, ಹಾಳೆ ಒಣಗಿದ ಮೇಲೆ ಎರಡನೇ ಸುತ್ತಿನಲ್ಲಿ ಇನ್ನೆರಡು. ಅಷ್ಟರಲ್ಲಿ ಕಾಗದ ತೇವ ಕುಡಿದು ಕೂದಲೆಳೆಯಷ್ಟು ಹಿಗ್ಗಿರುತ್ತೆ. ನನ್ನ ಅಕ್ಷರದ ಗೆರೆಯ ದಪ್ಪ ಸುಮಾರು 0.1 ಮಿಲಿಮೀಟರ್. ಪ್ಲೇಟು ಅಷ್ಟೇ ಸರಿದರೂ ಪಕ್ಕದ ಬಣ್ಣ ಬಂದು ಗೆರೆಯನ್ನು ಮುಚ್ಚಿಬಿಡುತ್ತೆ. ಸಾಲದ್ದಕ್ಕೆ ಕಾಗದದ ಮೇಲೆ ಇಂಕು ಸ್ವಲ್ಪ ಹರಡುತ್ತೆ ಕೂಡ.

ಇಂಗ್ಲಿಷಿನಲ್ಲಾದರೆ ಹೇಗೋ ಓದಿಕೊಳ್ಳಬಹುದಿತ್ತೇನೋ. ಕನ್ನಡದಲ್ಲಿ ಒತ್ತಕ್ಷರ ಇದೆ. ಒತ್ತು ಮೇಲಿನ ಅಕ್ಷರಕ್ಕಿಂತ ಸಣ್ಣದು, ಅದರ ಗೆರೆ ಇನ್ನೂ ತೆಳು, ಒಳಗಿನ ಸಂದು ಇನ್ನೂ ಇಕ್ಕಟ್ಟು. ಮೊದಲು ಸಾಯೋದು ಅದೇ. ‘ಮಲ್ಲಿಕಾರ್ಜುನ’ದಲ್ಲಿ ಲ ಒತ್ತಿದೆ, ಅರ್ಕಾವೊತ್ತಿದೆ. ‘ಮನ್ಸೂರ್’ನಲ್ಲಿ ಸ ಒತ್ತು. ‘ಜನ್ಮಶತಮಾನೋತ್ಸವ’ದಲ್ಲಿ ಮ ಒತ್ತು, ಮತ್ತೆ ಸ ಒತ್ತು. ಇಡೀ ಸಾಲೇ ಒತ್ತಕ್ಷರಗಳ ಮೇಲೆ ನಿಂತಿತ್ತು. ಅದನ್ನೇ ನಾನು ತೆಳು ಫಾಂಟಿನಲ್ಲಿ, ನಾಲ್ಕು ಬಣ್ಣದ ಕತ್ತಲೆಯಲ್ಲಿ ಇಟ್ಟಿದ್ದೆ.

30ರ ಸಂಜೆ ಬಂಡಲ್ ಬಂತು. 1000 ಪ್ರತಿ, ಪಿನ್ ಹೊಡೆದು, ಅಂಚು ಕತ್ತರಿಸಿ ಎಲ್ಲ ಮುಗಿದಿತ್ತು. ಪತ್ರಿಕೆಯ ಹಿರಿಯರೊಬ್ಬರು, ಮನ್ಸೂರರನ್ನು ಎದುರಿಗೆ ಕೂತು ಕೇಳಿದವರು, ಒಂದು ಪ್ರತಿ ಎತ್ತಿಕೊಂಡರು. ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ತಮ್ಮಾ, ಇಲ್ಲಿ ಏನ್ ಬರದೀ? ಓದಾಕ ಬರವಲ್ತು.” ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳಿದರು. ನಾನು ಕೈಯಲ್ಲಿ ಹಿಡಿದು ನೋಡಿದೆ. ಲ ಒತ್ತು ಇದ್ದ ಕಡೆ ಒಂದು ಕೆಂಪು ಚುಕ್ಕೆ. ಅರ್ಕಾವೊತ್ತು ಮಾಯ. ಯಾರ ಶತಮಾನವೋ ಅವರ ಹೆಸರೇ ಓದಲು ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಿಡುಗಡೆ. ಮತ್ತೆ ಮುದ್ರಿಸಲು ಸಮಯ ಇರಲಿಲ್ಲ. ರಾತ್ರೋರಾತ್ರಿ ಸ್ಟಿಕರ್ ಮಾಡಿಸಿದೆವು, ಬಿಳಿ ಪಟ್ಟಿಯ ಮೇಲೆ ಕಪ್ಪು ಅಕ್ಷರ. ನಾಲ್ಕು ಜನ ನೆಲದ ಮೇಲೆ ಕೂತು ಬೆಳಗಿನ ಜಾವದವರೆಗೆ ಅಂಟಿಸಿದೆವು. 6,500 ರೂಪಾಯಿ ಆಯಿತು, ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ನಾನೇ ಕೊಟ್ಟೆ. ದುಡ್ಡಿಗಿಂತ ಹೆಚ್ಚು ಕಾಡಿದ್ದು ಬೇರೆ. ಸ್ಟಿಕರಿನ ಒಂದು ತುದಿ ಅವರ ಎತ್ತಿದ ಕೈಯ ತೋಳಿನ ಮೇಲೆ ಬರುತ್ತಿತ್ತು. ಪ್ರತಿ ಸಲ ಅಂಟಿಸುವಾಗಲೂ ಅದನ್ನು ನೋಡಬೇಕಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಅಕ್ಷರ ಸಂಗೀತದ ಹಾಗೆ ಕಾಣಬೇಕು ಅನ್ನೋದನ್ನೇ ನಾನು ಒಪ್ಪಲ್ಲ. ಹೆಸರು ಓದಿಸುವುದು ಅಕ್ಷರದ ಕೆಲಸ. ತಂತಿಯ ಹಾಗೆ ಬಳುಕಿಸಿದರೆ ಅದು ತಂತಿಯೂ ಆಗಲ್ಲ, ಅಕ್ಷರವೂ ಆಗಲ್ಲ. ನ್ಯೂಯಾರ್ಕಿನ ಬ್ಲೂ ನೋಟ್ ಕಂಪನಿಯ ಜಾಝ್ ರೆಕಾರ್ಡುಗಳಿಗೆ 1950, 60ರ ದಶಕಗಳಲ್ಲಿ ರೀಡ್ ಮೈಲ್ಸ್ ಮಾಡಿದ ಹೊದಿಕೆಗಳನ್ನು ಹುಡುಕಿ ನೋಡಿ. ಕಪ್ಪುಬಿಳುಪು ಫೋಟೋ, ಅದರ ಜೊತೆ ಒಂದೇ ಒಂದು ಬಣ್ಣ, ದಪ್ಪ ಸಾದಾ ಅಕ್ಷರ. ಎಷ್ಟೋ ಹೊದಿಕೆಗಳಲ್ಲಿ ಇಷ್ಟೇ ಇದೆ. ಆದರೂ ಲಯ ಕಾಣುತ್ತೆ, ಅಲ್ವಾ? ಅಕ್ಷರಗಳನ್ನು ಎಲ್ಲಿ ಕೂರಿಸಿದ್ದಾರೆ, ಎಷ್ಟು ಜಾಗ ಖಾಲಿ ಬಿಟ್ಟಿದ್ದಾರೆ ಅನ್ನೋದರಲ್ಲಿ ಆ ಲಯ ಇದೆ. ಮತ್ತೆ, ಪಾಶ್ಚಾತ್ಯ ಸ್ವರಲಿಪಿಯ ಆ ಸುರುಳಿ ಗುರುತನ್ನು ದಯವಿಟ್ಟು ಹಾಕಬೇಡಿ. ನಮ್ಮ ಸಂಗೀತವನ್ನು ಅದರಲ್ಲಿ ಬರೆಯೋದಿಲ್ಲ.

ಚಿನ್ನದ ಬಣ್ಣವನ್ನು ಬಿಟ್ಟುಬಿಡಿ. ನಾಲ್ಕು ಬಣ್ಣದ ಮುದ್ರಣದಲ್ಲಿ ಚಿನ್ನ ಬರಲ್ಲ. ಸ್ಕ್ರೀನಿನ ಮೇಲೆ ಹೊಳೆದದ್ದು ಕಾಗದದ ಮೇಲೆ ಸಾಸಿವೆ ಅರೆದ ಹಾಗೆ ಮಂಕಾಗುತ್ತೆ. ಬೇಕೇ ಬೇಕು ಅಂದ್ರೆ ಬೇರೆ ಇಂಕು ಅಥವಾ ಫಾಯಿಲ್ ಹಾಕಿಸಬೇಕು, ಅದಕ್ಕೆ ಬೇರೆ ದುಡ್ಡು.

ನಾನು ಮುಂದಿನ ಸಂಚಿಕೆಗೆ ಮಾಡಿದ್ದು ಹೀಗೆ. ತಿಳಿ ಕೆನೆ ಬಣ್ಣದ ಹಿನ್ನೆಲೆ, ಅಕ್ಷರ ಪೂರ್ತಿ ಕಪ್ಪು. ಕಪ್ಪು ಒಂದೇ ಪ್ಲೇಟಿನಿಂದ ಬರುತ್ತೆ, ಉಳಿದವು ಸರಿದರೂ ಅಕ್ಷರ ಕೆಡಲ್ಲ. ಪತ್ರಿಕೆಯ ಹೆಸರಿಗೆ ಮಾತ್ರ ಇಟ್ಟಿಗೆ ಕೆಂಪು. ನಿಮಗೆ ಕಪ್ಪು ಹಿನ್ನೆಲೆಯೇ ಇಷ್ಟ ಅಂದ್ರೆ ಸಣ್ಣ ಸಾಲಿನ ಹಿಂದೆ ಕಪ್ಪು ಇಂಕು ಒಂದನ್ನೇ ಇಡಿ, ಅಕ್ಷರ ದಪ್ಪಗಿರಲಿ, 14 ಪಾಯಿಂಟಿಗಿಂತ ಕಡಿಮೆ ಮಾಡಬೇಡಿ.

ಫಾಂಟಿನ ವಿಷಯಕ್ಕೆ ನೀವು ಪುಣ್ಯವಂತರು. ನಮಗೆ ಆಗ ನುಡಿ, ಶ್ರೀಲಿಪಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಈಗ ಅನೇಕ್ ಕನ್ನಡ, ತಿರೋ ಕನ್ನಡ, ಬಲೂ ತಮ್ಮ ಎಲ್ಲ ಉಚಿತವಾಗಿ ಸಿಗುತ್ತವೆ. ನಾನಾದರೆ ಅನೇಕ್‌ನ ದಪ್ಪ ರೂಪವನ್ನು ಹೆಸರಿಗೆ, ಮಧ್ಯಮ ದಪ್ಪದ್ದನ್ನು ಕೆಳಗಿನ ಸಾಲಿಗೆ ಇಡುತ್ತೇನೆ. ಒಂದೇ ಫಾಂಟ್ ಕುಟುಂಬ ಸಾಕು. ಇನ್‌ಡಿಸೈನ್ ಬಳಸುತ್ತಿದ್ದರೆ ಅದರಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಅನ್ನೋ ಆಯ್ಕೆ ಹಾಕಿಕೊಳ್ಳಿ, ಇಲ್ಲದಿದ್ದರೆ ಒತ್ತುಗಳು ಚೆಲ್ಲಾಪಿಲ್ಲಿಯಾಗಬಹುದು. ಹೆಸರು ಎರಡು ಸಾಲಿಗೆ ಹೋದರೆ ನಡುವೆ ಜಾಗ ಜಾಸ್ತಿ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು.

ನಿಮ್ಮ ಸಾಲಿನಲ್ಲಿ ‘ಶಾಸ್ತ್ರೀಯ’ ಇದೆ. ಆ ‘ಸ್ತ್ರೀ’ಯಲ್ಲಿ ಒಂದರ ಜೊತೆ ಒಂದು ಎರಡು ಒತ್ತು, ಮೇಲೆ ದೀರ್ಘ. ಇವತ್ತೇ ಆ ಒಂದು ಪದವನ್ನು ಅದೇ ಅಳತೆಯಲ್ಲಿ, ಅದೇ ಬಣ್ಣದಲ್ಲಿ ಪ್ರಿಂಟ್ ತೆಗೆಸಿ. ಮನೆಯಲ್ಲಿ ಕನ್ನಡಕ ಹಾಕುವವರು ಯಾರಾದರೂ ಇದ್ದರೆ ಅವರ ಕೈಗೆ ಕೊಟ್ಟು ಓದಿಸಿ. ಆಮೇಲೆ ಆ ಹಾಳೆಯನ್ನು ಪ್ರೆಸ್ಸಿಗೆ ತೆಗೆದುಕೊಂಡು ಹೋಗಿ, ಮಷಿನ್ ಓಡಿಸುವವರನ್ನೇ ಕೇಳಿ, ಇದು ನಿಲ್ಲುತ್ತಾ ಅಂತ.