ಆರನೇ ತರಗತಿಗೆ ಬಂದರೂ ಓದಲು ಬಾರದ ಮಕ್ಕಳಿಗೆ ಒಂದು ವರ್ಷದಲ್ಲಿ ಓದು ಕಲಿಸಬಹುದೇ?

ಕಲಿಸಬಹುದು. ಬೆಂಗಳೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಈ ವರ್ಷವೇ ಶಿಕ್ಷಕಿಯಾಗಿ ಬಂದಿದ್ದೀರಿ, ಆರನೇ ತರಗತಿಯ ಹನ್ನೊಂದು ಮಕ್ಕಳಿಗೆ ಎರಡನೇ ತರಗತಿಯ ಪಾಠವನ್ನೂ ಓದಲಾಗುತ್ತಿಲ್ಲ, ಪಾಠ ಮುಗಿಸಬೇಕೋ ಓದು ಕಲಿಸಬೇಕೋ ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ನಾನು ಪೀಣ್ಯದ ಸುತ್ತಮುತ್ತಲ ಶಾಲೆಗಳಲ್ಲಿ ಹತ್ತೊಂಬತ್ತು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಮೊದಲು ಓದು ಕಲಿಸಿ. ಪಾಠ ಮುಗಿಯಿತೇ ಎಂದು ಕೇಳುವವರು ಕೇಳುತ್ತಲೇ ಇರುತ್ತಾರೆ.

ಮಕ್ಕಳನ್ನು ದಡ್ಡರೆನ್ನುವ ಮುನ್ನ ಒಂದು ಲೆಕ್ಕ ನೆನಪಿಡಿ. 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಬರಬೇಕಿದ್ದ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಅವರು ಎರಡನೇ ತರಗತಿಯಲ್ಲಿದ್ದರು. ಅ, ಆ ತಿದ್ದಬೇಕಾದ ವರ್ಷವೇ ಅವರಿಗೆ ಸಿಗಲಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ತರಗತಿ ಮುಂದಕ್ಕೆ ಹೋಯಿತು.

ಹನ್ನೊಂದು ಮಕ್ಕಳೂ ಒಂದೇ ಕಡೆ ಸಿಕ್ಕಿಕೊಂಡಿರುವುದಿಲ್ಲ. ಒಬ್ಬೊಬ್ಬರನ್ನೇ ಐದು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ತರಗತಿಯ ಮುಂದೆ ನಿಲ್ಲಿಸಿ ಖಂಡಿತ ಬೇಡ. ಎಲ್ಲರೂ ಒಟ್ಟಿಗೆ ಕೂಗಿ ಓದುವಾಗ ಯಾರಿಗೆ ಬರುವುದಿಲ್ಲ ಎಂಬುದು ಗೊತ್ತೇ ಆಗುವುದಿಲ್ಲ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಹುಡುಗನೊಬ್ಬ ಒಂದು ಪದ್ಯವನ್ನು ಪುಸ್ತಕ ಹಿಡಿದು ನಿರರ್ಗಳವಾಗಿ ಓದಿದ. ನಾನು ಮೂರನೇ ಸಾಲಿನ ನಡುವಿನ ಪದದ ಮೇಲೆ ಬೆರಳಿಟ್ಟು ‘ಇದೇನಪ್ಪ?’ ಎಂದೆ. ಅವನ ತುಟಿಗಳು ಸದ್ದಿಲ್ಲದೆ ಮೊದಲ ಸಾಲಿನಿಂದ ಶುರುಮಾಡಿ ಆ ಪದದವರೆಗೆ ಬಂದು ನಿಂತವು. ಆಮೇಲೆ ಸರಿಯಾಗಿಯೇ ಹೇಳಿದ. ಅವನು ಓದುತ್ತಿರಲಿಲ್ಲ, ಇಡೀ ಪದ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದ. ಹೊಸ ಪುಟ ತೆರೆದಾಗ ‘ಪುಸ್ತಕ’ ಎಂಬುದು ‘ಪುಸಕ’ ಆಯಿತು. ಐದು ವರ್ಷ ಇದನ್ನು ಮುಚ್ಚಿಟ್ಟುಕೊಂಡು ಬಂದ ಮಗುವಿಗೆ ಎಷ್ಟು ನೆನಪಿನ ಶಕ್ತಿ ಇರಬೇಕು, ಯೋಚಿಸಿ.

ನಮ್ಮ ಮಕ್ಕಳು ಎಡವುವುದು ಸಾಮಾನ್ಯವಾಗಿ ಮೂಲಾಕ್ಷರಗಳಲ್ಲಿ ಅಲ್ಲ. ವರ್ಣಮಾಲೆಯ 49 ಅಕ್ಷರಗಳನ್ನು ಹೇಗೋ ಕಲಿತಿರುತ್ತಾರೆ. ಆದರೆ 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ರೂಪಗಳಾಗುತ್ತವೆ. ‘ತಲಕಟ್ಟು, ಇಳಿ, ಗುಡಿಸು, ಕೊಂಬು’ ಎಂದು ರಾಗವಾಗಿ ಹೇಳುವ ಮಗು ‘ಮೊ’ ಎಂದು ಬಿಡಿಯಾಗಿ ತೋರಿಸಿದರೆ ತಡವರಿಸುತ್ತದೆ. ಅದನ್ನು ದಾಟಿದವರನ್ನು ಒತ್ತಕ್ಷರ ನಿಲ್ಲಿಸುತ್ತದೆ. ‘ಅಜ್ಜ’ ಕಷ್ಟವಾಗುವುದಿಲ್ಲ, ಒತ್ತು ಮೇಲಿನ ಅಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ ಅಕ್ಷರಗಳ ಒತ್ತುಗಳು ಮೂಲರೂಪವನ್ನು ಹೋಲುವುದೇ ಇಲ್ಲ. ಅರ್ಕಾವೊತ್ತಂತೂ ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅದಕ್ಕಿಂತ ಮೊದಲು. ಯಾರೂ ಬಿಡಿಸಿ ಹೇಳದಿದ್ದರೆ ಮಗುವಿಗೆ ಹೇಗೆ ತಿಳಿಯಬೇಕು?

ಹನ್ನೊಂದು ವರ್ಷದ ಮಕ್ಕಳ ಕೈಗೆ ಒಂದನೇ ತರಗತಿಯ ಪುಸ್ತಕ ಕೊಡಬೇಡಿ, ಅವಮಾನದಿಂದ ಕುಗ್ಗಿಹೋಗುತ್ತಾರೆ. ನಾನು ಬಸ್ಸಿನ ಬೋರ್ಡುಗಳನ್ನು ಹಿಡಿದುಕೊಂಡೆ. ಊರುಗಳ ಹೆಸರನ್ನು ರಟ್ಟಿನ ಚೀಟಿಗಳಲ್ಲಿ ದಪ್ಪಕ್ಷರದಲ್ಲಿ ಬರೆದೆ. ಜಯನಗರದಲ್ಲಿ ಬರೀ ತಲಕಟ್ಟು. ರಾಜಾಜಿನಗರದಲ್ಲಿ ಇಳಿ, ಗುಡಿಸು. ಬನಶಂಕರಿ, ಯಶವಂತಪುರಗಳಲ್ಲಿ ಸೊನ್ನೆ. ಲಗ್ಗೆರೆ, ಜಾಲಹಳ್ಳಿ, ಸುಂಕದಕಟ್ಟೆಗಳಲ್ಲಿ ಸಜಾತೀಯ ಒತ್ತು, ಅಂದರೆ ಅದೇ ಅಕ್ಷರದ ಒತ್ತು. ಮಲ್ಲೇಶ್ವರದಲ್ಲಿ ಅದೂ ಉಂಟು, ಬೇರೆ ಅಕ್ಷರದ ಒತ್ತೂ ಉಂಟು. ಪೀಣ್ಯ, ಕಾಮಾಕ್ಷಿಪಾಳ್ಯ ಕೊನೆಗೆ. ಬೆಂಗಳೂರು ತಾನಾಗಿಯೇ ಕಾಗುಣಿತದ ಮೆಟ್ಟಿಲು ಕಟ್ಟಿಕೊಟ್ಟಂತಿತ್ತು! ಯಾದಗಿರಿಯ ಆ ಹುಡುಗ ಒಂದು ಬೆಳಿಗ್ಗೆ ಓಡಿ ಬಂದು, ಬಸ್ ಹತ್ತುವಾಗ ತನ್ನ ತಾಯಿಗೆ ಬೋರ್ಡನ್ನು ತಾನೇ ಓದಿ ಹೇಳಿದೆ ಎಂದ. ತಾಯಿಗೆ ಓದು ಬಾರದು. ಅಂದಿನಿಂದ ಅವನು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ಸಮಯದ ವಿಷಯ. ದಿನಕ್ಕೆ ನಲವತ್ತು ನಿಮಿಷ, ತಪ್ಪದೆ. ಮುಖ್ಯ ಶಿಕ್ಷಕರನ್ನು ಒಪ್ಪಿಸಿ ನಾಲ್ಕರಿಂದ ಆರನೇ ತರಗತಿಯವರೆಗಿನ ಮಕ್ಕಳನ್ನು ಒಟ್ಟುಗೂಡಿಸಿ, ತರಗತಿ ನೋಡದೆ ಮಟ್ಟ ನೋಡಿ ಗುಂಪು ಮಾಡಿ: ಅಕ್ಷರ, ಪದ, ವಾಕ್ಯವೃಂದ, ಕಥೆ. ಇದು ಪ್ರಥಮ್ ಸಂಸ್ಥೆ ಬೆಳೆಸಿದ ಕ್ರಮ. ಗುಂಪಿನಲ್ಲಿ ಮೊದಲು ನೀವು ಓದಿ, ಮಕ್ಕಳು ಸಾಲಿನ ಕೆಳಗೆ ಬೆರಳಾಡಿಸಲಿ. ಆಮೇಲೆ ಜೊತೆಯಲ್ಲಿ, ಆಮೇಲೆ ಇಬ್ಬಿಬ್ಬರಾಗಿ. ಒಂದೇ ವಾಕ್ಯವೃಂದ ಮೂರು ದಿನ ನಡೆಯಲಿ. ಕೊನೆಯ ಐದು ನಿಮಿಷ ಉಕ್ತಲೇಖನ, ಅಂದು ಓದಿದ ಪದಗಳು ಮಾತ್ರ.

ಪ್ರತಿ ತಪ್ಪಿಗೂ ತಡೆಯಬೇಡಿ. ‘ಭಾರತ’ವನ್ನು ‘ಬಾರತ’ ಎಂದರೆ ಮಗು ಓದಿದೆ ಎಂದೇ ಅರ್ಥ, ಮಹಾಪ್ರಾಣವನ್ನು ಆಮೇಲೆ ತಿದ್ದೋಣ. ‘ಹೋಗುತ್ತಾನೆ’ ಎಂದು ಅಚ್ಚಾಗಿರುವುದನ್ನು ಯಾದಗಿರಿಯ ಹುಡುಗ ತನ್ನ ಮನೆಯ ಮಾತಿನಲ್ಲಿ ಹೇಳಿದರೆ ನನಗೆ ಸಂತೋಷವಾಗುತ್ತದೆ, ಅರ್ಥ ತಲೆಗೆ ಹೋಗಿದೆ. ಚಿಂತೆ ಮಾಡಬೇಕಾದದ್ದು ಇದರ ಉಲ್ಟಾ ಇದ್ದಾಗ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವ ಮಕ್ಕಳು ನಮ್ಮ ತರಗತಿಗಳಲ್ಲಿ ಬಹಳ. ಅವರಲ್ಲಿ ಕೆಲವರು ಒಂದು ಅಕ್ಷರವೂ ತಪ್ಪದೆ ಓದಿ, ಏನು ಓದಿದೆ ಎಂದರೆ ಸುಮ್ಮನಾಗುತ್ತಾರೆ. ಅವರಿಗೆ ಓದುವ ಮೊದಲೇ ಕಥೆಯನ್ನು ಮಾತಿನಲ್ಲಿ ಹೇಳಿ, ಅವರಿಂದಲೂ ಹೇಳಿಸಿ.

ಪುಸ್ತಕಗಳಿಗೆ ಖರ್ಚಿಲ್ಲ. ನಮ್ಮ ಊರಿನದೇ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಓದಿನ ಮಟ್ಟದ ಪ್ರಕಾರ ಉಚಿತವಾಗಿ ಸಿಗುತ್ತವೆ.

ಮೂರು ತಿಂಗಳ ನಂತರವೂ ಕದಲದ ಮಗುವಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷಿಸಿ. ಕರಿಹಲಗೆ ಕಾಣದೆ ಹಿಂದುಳಿದವರನ್ನು ನಾನು ಕಂಡಿದ್ದೇನೆ. ಅದೂ ಸರಿಯಿದ್ದರೆ ಪೋಷಕರನ್ನು ಕರೆದು ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಹೋಗಲು ಹೇಳಿ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಅಂಥ ಮಗುವಿಗೆ ಪರೀಕ್ಷೆಯಲ್ಲಿ ರಿಯಾಯಿತಿಗಳೂ ಉಂಟು.

ನನ್ನ ಅನುಭವದಲ್ಲಿ, ಜೂನ್‌ನಲ್ಲಿ ಶುರುಮಾಡಿದರೆ ಪದ ಓದುವ ಮಕ್ಕಳು ದಸರಾ ಹೊತ್ತಿಗೆ ವಾಕ್ಯವೃಂದ ಓದುತ್ತಾರೆ. ಅಕ್ಷರದಲ್ಲೇ ಇದ್ದವರಿಗೆ ಸಂಕ್ರಾಂತಿಯಾಗುತ್ತದೆ. ಆರನೇ ತರಗತಿಯ ಪಾಠವನ್ನು ಆಮೇಲೆ ತುಂಡು ತುಂಡಾಗಿ ಓದಿಸಬಹುದು. ಕೆಲವರಿಗೆ ಏಳನೇ ತರಗತಿಯಲ್ಲೂ ಇದು ಮುಂದುವರಿಯಬೇಕಾಗುತ್ತದೆ, ಅವರನ್ನು ಬಿಡಬೇಡಿ. ಈ ಸೋಮವಾರ ಬಿಸಿಯೂಟದ ನಂತರ ಇಬ್ಬರನ್ನು ಕರೆದು ಓದಿಸಿ, ಯಾವ ಅಕ್ಷರದಲ್ಲಿ ನಿಂತರು ಎಂದು ಬರೆದುಕೊಂಡು ಇಲ್ಲಿ ತಿಳಿಸಿ. ಚೀಟಿಗಳಿಗೆ ಪದಗಳನ್ನು ನಾನು ಆರಿಸಿಕೊಡುತ್ತೇನೆ.